ಗುಂಡಿ ಒತ್ತುವ ಮುನ್ನ

ಕಾಗವಾಡದ ಕಡೆಯ ಒಂದು ಹಳ್ಳಿಯಿಂದ, ಈಗಷ್ಟೇ ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ಅದೂ ಅಂಚೆಯಲ್ಲಿ, ಇನ್‌ಲ್ಯಾಂಡ್ ಪತ್ರದಲ್ಲಿ! ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದದ್ದನ್ನು ಅವನು ಓದಿದ್ದನಂತೆ. ಅವನ ಮಾತಿನಲ್ಲೇ ಕೊಡುತ್ತೇನೆ: "ಸರ, ನಮ್ಮ ಮಾಮಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡಾರ. ಕೈಯಾಗ ಹಿಡಿಯೋ ಸೆಟ್ಟೂ ಬಂದೈತಿ. ಮೊನ್ನೆ ರಿಪೀಟರಿನ ಮ್ಯಾಲೆ ಮಾತಾಡಾಕ ಹೋದ್ರ ಯಾರೋ ಹಿರಿಯರು ಚೊಲೋತಂಗ ಬೈದ್ರಂತ. ಮಾಮಾ ಸೆಟ್ ತಗದು ಟ್ರಂಕಿನ್ಯಾಗ ಇಟ್ಟಾರ. ಅಂಥಾದ್ದೇನ ತಪ್ಪ ಮಾಡ್ಯಾರ್ರಿ?"

ಹುಡುಗ ಜಾಣ. ಮಾಮಾ ಏನೇನು ಮಾಡಿದರು ಎಂಬುದನ್ನೂ ಬರೆದಿದ್ದಾನೆ. ಸೆಟ್ಟಿನ ಗುಂಡಿಯನ್ನು ಒತ್ತಿ ಬಿಟ್ಟರು; ಆ ಕಡೆಯಿಂದ "ಟಕ್" ಎಂದು ರಿಪೀಟರು ಎದ್ದ ಸದ್ದು ಬಂತು. ಖುಷಿಯಾಯಿತು. ಮತ್ತೆ ಒತ್ತಿದರು. ಹೀಗೆ ಏಳೆಂಟು ಸಲ. ಆಮೇಲೆ ಜಾತ್ರೆಯ ಪೆಂಡಾಲಿನಲ್ಲಿ ಹೇಳುವಂತೆ "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅಂದರು. ತಮ್ಮ ಕರೆಸಂಕೇತವನ್ನು ಮಾತ್ರ ಹೇಳಲಿಲ್ಲ. ಆಗ ಬೈಗುಳ ಬಂತು.

ಬೈದವರ ದನಿ ತುಸು ಏರಿದ್ದೀತು. ಆದರೆ ತಪ್ಪು ಮಾಮಾನದೇ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ರಿಪೀಟರು ಎಂದರೇನು, ಅದು ಯಾರದು ಎಂಬುದು ತಿಳಿಯಬೇಕು.

ಕೈಯಲ್ಲಿ ಹಿಡಿಯುವ ಸೆಟ್ಟಿನ ಶಕ್ತಿ ಸುಮಾರು ಐದು ವಾಟ್. ಮನೆಯ ಮಲಗುವ ಕೋಣೆಯ ಸಣ್ಣ ದೀಪದಷ್ಟು. ಅದಕ್ಕಿಂತ ದೊಡ್ಡ ತೊಡಕೆಂದರೆ ಅದು ಹೊರಡಿಸುವ ಅಲೆಗಳ ಸ್ವಭಾವ. ನಮ್ಮ ದೇಶದಲ್ಲಿ ಹವ್ಯಾಸಿಗಳಿಗೆ ಬಿಟ್ಟುಕೊಟ್ಟ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಹೋಗುವಂಥವು. ಭೂಮಿ ದುಂಡಗಿದೆ, ಅವು ದಿಗಂತದಾಚೆ ಇಳಿಯಲಾರವು. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಬರೆದುಕೊಳ್ಳಿ, ವರ್ಗಮೂಲ ತೆಗೆಯಿರಿ, 4.1ರಿಂದ ಗುಣಿಸಿ. ರೇಡಿಯೊ ದಿಗಂತ ಅಷ್ಟು ಕಿಲೋಮೀಟರು ದೂರ. ಎದೆಯ ಮಟ್ಟದಲ್ಲಿ, ಒಂದೂವರೆ ಮೀಟರು ಎತ್ತರದಲ್ಲಿ ಸೆಟ್ ಹಿಡಿದರೆ ಉತ್ತರ ಐದು. ಅಥಣಿಯಲ್ಲಿ ನಿಂತವನು ಊರು ದಾಟಿ ತುಸು ಆಚೆ ಮುಟ್ಟುತ್ತಾನೆ, ಅಷ್ಟೆ. ಅದೂ ನಡುವೆ ಮನೆ ಮಠ ಇಲ್ಲದಿದ್ದರೆ. ಅದೇ ನೂರು ಮೀಟರು ಎತ್ತರದ ಗುಡ್ಡದ ಮೇಲೆ ಒಂದು ಆಂಟೆನಾ ಇಟ್ಟರೆ ಅದರ ದಿಗಂತ 41 ಕಿಲೋಮೀಟರಿಗೆ ಸರಿಯುತ್ತದೆ. ಆ ಗುಡ್ಡದ ಒಂದು ಬದಿಯವನ ಮಾತನ್ನು ಇನ್ನೊಂದು ಬದಿಯವನಿಗೆ ದಾಟಿಸಿದರೆ, ಇಬ್ಬರ ನಡುವೆ ಎಂಬತ್ತು ಕಿಲೋಮೀಟರು ಇದ್ದರೂ ಚಿಂತೆಯಿಲ್ಲ. ಹೀಗೆ ದಾಟಿಸುವ ಯಂತ್ರವೇ ರಿಪೀಟರು.

ಇದು ಒಂದು ಆವರ್ತಾಂಕದಲ್ಲಿ ಕೇಳುತ್ತದೆ, ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ನುಡಿಯುತ್ತದೆ. ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಉದಾಹರಣೆಗೆ 145.100ರಲ್ಲಿ ಕೇಳಿ 145.700ರಲ್ಲಿ ನುಡಿಯುವುದು. ಹೇಳುವುದು ಸುಲಭ. ಮಾಡುವುದೆಂದರೆ, ಬಾಯಿಗೆ ಧ್ವನಿವರ್ಧಕದ ಕರ್ಣೆ ಕಟ್ಟಿಕೊಂಡು ಕೂಗುತ್ತಲೇ ಪಕ್ಕದ ಮನೆಯ ಪಿಸುಮಾತನ್ನೂ ಕೇಳಿಸಿಕೊಂಡ ಹಾಗೆ. ತನ್ನ ಕೂಗು ತನ್ನ ಕಿವಿಯನ್ನೇ ಕೆಡಿಸದಂತೆ ತಡೆಯಲು ಡ್ಯೂಪ್ಲೆಕ್ಸರ್ ಎಂಬ ಲೋಹದ ಡಬ್ಬಿಗಳ ಸಾಲೊಂದು ಬೇಕು. ಅಗ್ಗದ ಸಾಮಾನಲ್ಲ. ಅದರ ಜೊತೆಗೆ ಬ್ಯಾಟರಿ, ಚಾರ್ಜರು, ಕೇಬಲ್ಲು, ಸಿಡಿಲಿಗೆ ತಡೆ, ವಿದ್ಯುತ್ ಬಿಲ್ಲು. ಮಂಗಗಳು ಆಂಟೆನಾ ಹಿಡಿದು ಜೋತಾಡುವುದು ಬೇರೆ.

ಇದನ್ನೆಲ್ಲ ಸರಕಾರ ಕಟ್ಟಿಸಿಕೊಡುತ್ತದೆಂದು ಅನೇಕರ ಎಣಿಕೆ. ಸರಕಾರ ಕೊಡುವುದು ಪರವಾನಗಿ ಮಾತ್ರ. ಕೆಲವೆಡೆ ಹವ್ಯಾಸಿಗಳ ಸಂಘ ಸೇರಿ ಕಟ್ಟುತ್ತದೆ. ಇನ್ನು ಕೆಲವೆಡೆ ಒಬ್ಬನೇ ಮನುಷ್ಯ, ತನ್ನ ದುಡ್ಡಿನಲ್ಲಿ, ತನ್ನ ಜಾಗದಲ್ಲಿ ನಿಲ್ಲಿಸಿರುತ್ತಾನೆ. ನಾನು ಬಳಸುವ ರಿಪೀಟರು ಈ ಬಗೆಯದು. ಗಡಿಯಾಚೆಯ ಹಿರಿಯರೊಬ್ಬರದು. ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ ನಡೆಸಿ ಗಳಿಸಿದ ದುಡ್ಡು. ಮನೆಮಾತು ಮರಾಠಿ; ಕನ್ನಡದಲ್ಲಿ ನಮಗಿಂತ ಚೆನ್ನಾಗಿ ಬೈಯಬಲ್ಲರು.

ನಮ್ಮ ಕಡೆ ಬೇಸಿಗೆಯಲ್ಲಿ ದಾರಿಯ ಬದಿ ಅರವಟಿಗೆ ಇಡುತ್ತಾರಲ್ಲ, ರಿಪೀಟರು ಅಂಥದ್ದು. ಹಂದರ ಅವರದು, ಗಡಿಗೆ ಅವರದು, ನೀರು ತುಂಬಿಸುವವರೂ ಅವರೇ. ದಾರಿಹೋಕರು ದುಡ್ಡು ಕೊಡಬೇಕಿಲ್ಲ. ಆದರೆ ಅರವಟಿಗೆಯಲ್ಲಿ ಯಾರೂ ಕಾಲು ತೊಳೆಯುವುದಿಲ್ಲ, ತಂಬಿಗೆ ಒಯ್ಯುವುದಿಲ್ಲ, ಹಿಂದೆ ಜನ ನಿಂತಿರುವಾಗ ಗಡಿಗೆಯ ಮುಂದೆ ಹರಟೆ ಹೊಡೆಯುವುದಿಲ್ಲ. ಹಂದರದ ಯಜಮಾನ "ಇವತ್ತ ನೀರ ಇಲ್ರಿ" ಅಂದರೆ ಜಗಳ ತೆಗೆಯುವುದೂ ಇಲ್ಲ. ರಿಪೀಟರಿನ ಯಜಮಾನ ದುರಸ್ತಿಗೆಂದು ನಿಲ್ಲಿಸಿದರೆ, ಇಂಥ ಹೊತ್ತಿನಲ್ಲಿ ಹರಟೆ ಬೇಡ ಅಂದರೆ, ಆ ಮಾತಿಗೆ ಮೇಲ್ಮನವಿ ಇಲ್ಲ.

ಈಗ ಮಾಮಾನ ವಿಷಯ. ಗುಂಡಿ ಒತ್ತಿ, ಹೆಸರು ಹೇಳದೆ, ರಿಪೀಟರು ಎದ್ದಿತೋ ಇಲ್ಲವೋ ನೋಡಿ ಸುಮ್ಮನಾಗುವುದು ಹೊಸಬರೆಲ್ಲರ ಚಟ. ಪರರ ಮನೆಯ ಕದ ತಟ್ಟಿ ಓಡಿಹೋದ ಹಾಗೆ. ಸುತ್ತಲಿನ ಮೂವತ್ತು ನಲವತ್ತು ಮನೆಗಳಲ್ಲಿ ಸೆಟ್ ಚಾಲೂ ಇಟ್ಟುಕೊಂಡು ಯಾರ್‍ಯಾರೋ ಕುಳಿತಿರುತ್ತಾರೆ. ಪ್ರತಿ "ಟಕ್"ಗೂ ಅವರೆಲ್ಲ ಕೈಯ ಕೆಲಸ ಬಿಟ್ಟು ಕಿವಿ ಕೊಡುತ್ತಾರೆ. ಪರೀಕ್ಷಿಸಲೇಬೇಕಾದರೆ ತನ್ನ ಕರೆಸಂಕೇತ ಹೇಳಿ "ಪರೀಕ್ಷೆ" ಎಂದರೆ ಮುಗಿಯಿತು. ಪ್ರಸಾರದ ಮೊದಲಲ್ಲೂ ಕೊನೆಯಲ್ಲೂ ಕರೆಸಂಕೇತ ಹೇಳಬೇಕೆಂಬುದು ಬರಿಯ ಶಿಷ್ಟಾಚಾರವಲ್ಲ, ಕಾನೂನು. ನಿರ್ಬಂಧಿತ ದರ್ಜೆಯವರಿಗೆ ವಿಯು3ರಿಂದ, ಸಾಮಾನ್ಯ ದರ್ಜೆಯವರಿಗೆ ವಿಯು2ರಿಂದ ಆರಂಭವಾಗುವ ಕರೆಸಂಕೇತ ಸಿಗುತ್ತದೆ. ಅಷ್ಟು ಕಷ್ಟಪಟ್ಟು ಗಳಿಸಿದ ಹೆಸರನ್ನು ಹೇಳಿಕೊಳ್ಳಲು ಸಂಕೋಚವೇಕೆ?

ಹೇಳುವಾಗ ಅಕ್ಷರಗಳನ್ನು ಬಿಡಿಸಿ ಹೇಳಬೇಕು. ಬಿ, ಡಿ, ಪಿ, ಟಿ ಎಲ್ಲವೂ ಗರಗರ ಸದ್ದಿನಲ್ಲಿ ಒಂದೇ. ನಮ್ಮ ಶಾಲೆಯ ಹುಡುಗರು "ಬಿ ಅಂದ್ರ ಬೆಳಗಾವಿ, ಸಿ ಅಂದ್ರ ಚಿಕ್ಕೋಡಿ, ಆರ್ ಅಂದ್ರ ರಾಯಬಾಗ" ಎಂದು ಪಟ್ಟಿ ಮಾಡಿದ್ದರು. ಚೆನ್ನಾಗಿಯೇ ಇತ್ತು. ಆದರೆ ಜಗತ್ತೆಲ್ಲ ಒಪ್ಪಿದ ಪಟ್ಟಿ ಬ್ರಾವೊ, ಚಾರ್ಲಿ, ರೋಮಿಯೊ. ಅದನ್ನೇ ಬಾಯಿಪಾಠ ಮಾಡುವುದು ಲೇಸು.

ಎಲ್ಲಕ್ಕಿಂತ ಮೊದಲ ಪಾಠವೆಂದರೆ ಕೇಳುವುದು. ಒಂದೆರಡು ದಿನವಲ್ಲ, ಒಂದೆರಡು ವಾರ. ಯಾರು ಯಾವ ಹೊತ್ತಿಗೆ ಬರುತ್ತಾರೆ, ಹೇಗೆ ಕರೆಯುತ್ತಾರೆ, ಸಂಜೆಯ ಸಭೆಯನ್ನು ಯಾರು ನಡೆಸುತ್ತಾರೆ ಎಂಬುದೆಲ್ಲ ಕಿವಿಯಿಂದಲೇ ತಿಳಿಯುತ್ತದೆ. ಶಾರ್ಟ್‌ವೇವ್ ಪಟ್ಟಿಯಲ್ಲಿ ಕರೆದ ಹಾಗೆ "ಸಿಕ್ಯೂ, ಸಿಕ್ಯೂ" ಎಂದು ಕೂಗುವ ಅಗತ್ಯ ರಿಪೀಟರಿನ ಮೇಲಿಲ್ಲ. ಕರೆಸಂಕೇತ ಹೇಳಿ "ಕೇಳುತ್ತಿದ್ದೇನೆ" ಅಂದರೆ ಸಾಕು. ಮಾತಾಡುವ ಮನಸ್ಸಿದ್ದವರು ಬರುತ್ತಾರೆ.

ಗುಂಡಿ ಒತ್ತಿದೊಡನೆ ಮಾತು ಆರಂಭಿಸಬಾರದು. ಅನೇಕ ರಿಪೀಟರುಗಳು ಮಾತಿನ ಅಡಿಯಲ್ಲಿ ಸಣ್ಣಗೆ ಗುನುಗುವ ಒಂದು ಸ್ವರವನ್ನು, ಉದಾಹರಣೆಗೆ 88.5 ಹರ್ಟ್ಸಿನದನ್ನು, ಗುರುತಿಸಿದ ಮೇಲೆಯೇ ಬಾಗಿಲು ತೆರೆಯುತ್ತವೆ. ನಮ್ಮ ಕಿವಿಗೆ ಅದು ಕೇಳದು. ಚಳಿಗಾಲದ ಬೆಳಗಿನಲ್ಲಿ ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಂತು, ಎಲ್ಲೋ ದೂರದ ಊರಿನ ಅಲೆಗಳೂ ಬಾಗಿ ನಮ್ಮ ಕಡೆ ಬರುವುದುಂಟು. ಅವು ನಮ್ಮ ರಿಪೀಟರನ್ನು ಎಬ್ಬಿಸದಿರಲೆಂದು ಈ ಏರ್ಪಾಟು. ಸ್ವರ ಗುರುತಿಸಲು ಅರ್ಧ ಕ್ಷಣ ಬೇಕು. ಒತ್ತಿ, ಉಸಿರು ಎಳೆದುಕೊಂಡು, ಆಮೇಲೆ ಮಾತು. ಇಲ್ಲದಿದ್ದರೆ ಕರೆಸಂಕೇತದ ತಲೆಯೇ ಹಾರಿಹೋಗುತ್ತದೆ. ಸೆಟ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ, ಕೂಗುವುದು ಬೇಡ. ಆಳೆತ್ತರ ಬೆಳೆದ ಕಬ್ಬಿನ ನಡುವೆ ನಿಂತು "ನನ್ನ ದನಿ ಕೇಳ್ತದೇನ್ರಿ" ಎಂದು ಹತ್ತು ಸಲ ಕೇಳುವ ಬದಲು ಬದುವಿನ ಮೇಲೆ ಬಂದು ನಿಂತರೆ ಅರ್ಧ ತೊಂದರೆ ಕಳೆಯಿತು.

ನಮ್ಮ ಜನಕ್ಕೆ ಅತಿ ಕಷ್ಟದ ಪಾಠ ಇನ್ನೊಂದಿದೆ. ನಾವು ಕೇಳುವಾಗ "ಹೂಂ, ಹೂಂ" ಅನ್ನುತ್ತೇವೆ. ಹೂಂಗುಟ್ಟದೆ ಕಥೆ ಕೇಳುವವನನ್ನು ಅಜ್ಜಿಯರು ಒಪ್ಪುತ್ತಿರಲಿಲ್ಲ. ರೇಡಿಯೊದಲ್ಲಿ ಹೂಂಗುಟ್ಟುವಂತಿಲ್ಲ! ಗುಂಡಿ ಒತ್ತಿದವನಿಗೆ ಕಿವಿ ಇಲ್ಲ. ಒತ್ತಿರುವಷ್ಟು ಹೊತ್ತೂ ಅವನು ಏನನ್ನೂ ಕೇಳಲಾರ. ಇಬ್ಬರು ಒಟ್ಟಿಗೆ ಒತ್ತಿದರೆ ಈ ಎಫ್.ಎಂ. ಪದ್ಧತಿಯಲ್ಲಿ ಬಲವಾದ ಸಂಕೇತವೇ ಗೆದ್ದು, ದುರ್ಬಲವಾದದ್ದು ಇದ್ದದ್ದೇ ಗೊತ್ತಾಗದಂತೆ ಅಡಗಿಹೋಗುತ್ತದೆ. ಎರಡೂ ಸಮಬಲವಾಗಿದ್ದರೆ ಬರಿಯ ಕರ್ಕಶ ಸದ್ದು. ಆದ್ದರಿಂದ ಎದುರಿನವರು "ಓವರ್" ಅಂದು, ರಿಪೀಟರಿನ ಸಣ್ಣ "ಬೀಪ್" ಬಂದು, ಇನ್ನೂ ಒಂದೆರಡು ಸೆಕೆಂಡು ಕಳೆದ ಮೇಲೆ ಒತ್ತಬೇಕು. ಆ ಎರಡು ಸೆಕೆಂಡು ನಮಗಲ್ಲ, ಮೂರನೆಯವರಿಗೆ. ತುರ್ತು ಇದ್ದವನು ಆ ಸಂದಿಯಲ್ಲೇ ತನ್ನ ಕರೆಸಂಕೇತ ಹೇಳಿ ಒಳಬರಬೇಕು. "ಆರಾಮ್ರಿ? ಮನ್ಯಾಗ ಎಲ್ಲಾರೂ ಆರಾಮ? ಮಳಿ ಆತೇನ್ರಿ? ಊಟ ಆತೇನ್ರಿ?" ಎಂಬ ನಮ್ಮ ಕ್ಷೇಮಸಮಾಚಾರದ ಮಾಲೆಯೇ ಎರಡು ನಿಮಿಷ ತಿನ್ನುತ್ತದೆ. ಒಂದು "ಆರಾಮ್ರಿ" ಸಾಕು. ಇಬ್ಬರೂ ಒಂದೇ ಊರಿನಲ್ಲಿದ್ದರೆ ರಿಪೀಟರು ಬಿಟ್ಟು ನೇರ ಆವರ್ತಾಂಕಕ್ಕೆ ಇಳಿದು ಬೇಕಾದಷ್ಟು ಹರಟಬಹುದು.

ಭಾಷೆಯ ವಿಷಯ. ಗುಡ್ಡದ ಮೇಲಿನ ಆಂಟೆನಾಕ್ಕೆ ರಾಜ್ಯಗಳ ಗಡಿ ಕಾಣುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಾತೂ, ಕೊಲ್ಲಾಪುರ, ಸಾಂಗಲಿ, ಮಿರಜದ ಮಾತೂ ಒಂದೇ ಅಲೆಯ ಮೇಲೆ ಬರುತ್ತವೆ. ನಮ್ಮಲ್ಲಿ ಒಂದು ರೂಢಿ ಬಿದ್ದಿದೆ: ಯಾವ ಭಾಷೆಯಲ್ಲಿ ಕರೆದರೋ ಆ ಭಾಷೆಯಲ್ಲಿ ಓಗೊಡುವುದು, ಬಾರದಿದ್ದರೆ ಹಿಂದಿ. ರಾಜಕೀಯ, ಧರ್ಮ, ವ್ಯಾಪಾರ ಮೂರೂ ವರ್ಜ್ಯ. ಎರಡು ರಾಜ್ಯಗಳ ನಡುವಿನ ಹಳೆಯ ತಕರಾರಂತೂ ಯಾರ ಬಾಯಲ್ಲೂ ಬರುವುದಿಲ್ಲ. ಕಬ್ಬಿನ ದರದ ಮಾತು ಬಂದರೂ ಯಜಮಾನರು ಕೆಮ್ಮುತ್ತಾರೆ. ಬೇಕೆಂದೇ ಹಾಡು ಹಾಕಿ, ಸೀಟಿ ಊದಿ ಕಾಡುವವರು ಆಗಾಗ ಬರುವುದುಂಟು. ಅವರಿಗೆ ಉತ್ತರ ಕೊಡಬಾರದು, ಬೈಯಲೂಬಾರದು. ಬೈಗುಳವೇ ಅವರಿಗೆ ಸನ್ಮಾನ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಮಾಡಿದ ತಪ್ಪಿನ ಮುಂದೆ ಮಾಮಾನದು ಏನೂ ಅಲ್ಲ.

2019ರ ಆಗಸ್ಟ್ ತಿಂಗಳು. ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೆ ಉಕ್ಕಿದ ದಿನಗಳು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆ ನೀರು ಬಂದು ಪುಣೆ-ಬೆಂಗಳೂರು ಸಂಚಾರವೇ ನಿಂತಿತ್ತು. ಕಲ್ಲೋಳ-ಯಡೂರ ಸೇತುವೆ ಮುಳುಗಿತ್ತು. ನದಿದಂಡೆಯ ಹಳ್ಳಿಗಳು ನಡುಗಡ್ಡೆಗಳಾಗಿದ್ದವು. ಕರೆಂಟು ಇಲ್ಲ, ಮೊಬೈಲ್ ಗೋಪುರಗಳ ಬ್ಯಾಟರಿ ಮುಗಿದು ಅವೂ ಒಂದೊಂದಾಗಿ ಮೂಕವಾಗುತ್ತಿದ್ದವು. ಒಂದು ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿ ನಾನಿದ್ದೆ. ಹೊಳೆಯ ಆಚೆ ದಂಡೆಯಲ್ಲಿ ಇನ್ನೊಬ್ಬ ಹವ್ಯಾಸಿ. ದೋಣಿ ಯಾವಾಗ, ಎಲ್ಲಿಗೆ, ಎಷ್ಟು ಜನರಿಗೆ ಎಂಬ ಸುದ್ದಿಯನ್ನು ನಾವಿಬ್ಬರೂ ರಿಪೀಟರಿನ ಮೂಲಕ ದಾಟಿಸುತ್ತಿದ್ದೆವು.

ಮೊದಲ ದಿನವೇ ಒಂದು ಪಾಠವಾಯಿತು. "ಆರು" ಅಂದದ್ದು "ನೂರು" ಎಂದು ಕೇಳಿತು. ಮರಾಠಿಯವರಲ್ಲಿ "ಸಹಾ" ಎಂದರೆ ಆರು, "ದಹಾ" ಎಂದರೆ ಹತ್ತು, ಅದೂ ಅದಲುಬದಲು. ಅಂದಿನಿಂದ ಪ್ರತಿ ಸುದ್ದಿಯನ್ನೂ ಕಾಗದದ ಮೇಲೆ ಬರೆದು ಓದುವುದು, ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವುದು, ಕೇಳಿದವನು ತಿರುಗಿ ಓದಿ ಒಪ್ಪಿಸುವುದು ಎಂದು ಮಾಡಿಕೊಂಡೆವು. ಯಜಮಾನರು ಮನೆಯಲ್ಲಿ ಕುಳಿತು ಸರದಿ ಕೊಡುತ್ತಿದ್ದರು. "ನಿಮ್ಮ ಕಡೆ ನೀರ ಎಷ್ಟ ಐತ್ರಿ" ಎಂದು ಕುತೂಹಲಕ್ಕೆ ಕೇಳಬಂದವರನ್ನು ಎರಡೇ ಮಾತಿನಲ್ಲಿ ಸುಮ್ಮನಾಗಿಸಿದರು. ಇಂಥ ಹೊತ್ತಿನಲ್ಲಿ ಹೊಸಬನ ಕೆಲಸ ಕೇಳುವುದು. ಹೆಸರು ಹಿಡಿದು ಕರೆದರೆ ಮಾತ್ರ ಮಾತು.

ಮೂರನೆಯ ದಿನ ಸಂಜೆ. ನಮ್ಮ ದಂಡೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ದೋಣಿಗೆ ಕಾದು ನಿಂತಿದ್ದರು. ಆಚೆ ಉಳಿದ ದನಗಳಿಗೆ ಮೇವು ಒಯ್ಯುವವರು, ಹಟ ಹಿಡಿದು ಮನೆ ಬಿಡದೆ ಕುಳಿತ ಮುದುಕರನ್ನು ಕರೆತರುವವರು. ಆ ದೋಣಿ ಬೇರೊಂದು ಹಳ್ಳಿಗೆ ಹೋಯಿತು. "ಇವತ್ತು ಬರುವುದಿಲ್ಲ, ಜನರನ್ನು ಒಳಗೆ ಕಳಿಸಿ" ಎಂಬ ಸುದ್ದಿಯನ್ನು ಆಚೆಯ ಗೆಳೆಯ ನನಗೆ ಮುಟ್ಟಿಸಬೇಕಾಗಿತ್ತು. ಮುಟ್ಟಿಸಲಾಗಲಿಲ್ಲ. ಯಾಕೆಂದರೆ ನನ್ನ ಸೆಟ್ಟು, ಅಡುಗೆಮನೆಯ ಮೊಳೆಗೆ ತೂಗುಹಾಕಿದ ಚೀಲದಲ್ಲಿ, ಬ್ಯಾಟರಿಗೂ ಹಾಜರಿ ಪುಸ್ತಕಕ್ಕೂ ನಡುವೆ ಸಿಕ್ಕಿಕೊಂಡು ತನ್ನ ಗುಂಡಿಯನ್ನು ತಾನೇ ಒತ್ತಿಕೊಂಡಿತ್ತು.

ನಾನು ಅಲ್ಲೇ ನಿಂತು ಅಡುಗೆಯವನೊಡನೆ ಸಾರಿನ ಉಪ್ಪಿಗಾಗಿ ಜಗಳ ಮಾಡುತ್ತಿದ್ದೆ. ಮೊದಲ ಮೂರು ನಿಮಿಷ ಆ ಜಗಳ ಶಬ್ದಶಃ ಪ್ರಸಾರವಾಯಿತು. ಮೂರು ನಿಮಿಷ ಮೀರಿದರೆ ಪ್ರಸಾರವನ್ನು ಕಡಿಯುವ ಗಡಿಯಾರ ಆ ರಿಪೀಟರಿನಲ್ಲಿದೆ; ಅದು ಕಡಿಯಿತು. ಆದರೆ ನನ್ನ ಸಂಕೇತ ನಿಲ್ಲುವವರೆಗೂ ಅದು ಮತ್ತೆ ತೆರೆಯದು. ಗೆಳೆಯ ನೇರ ಆವರ್ತಾಂಕದಲ್ಲಿ ಕೂಗಿದನಂತೆ. ಪ್ರಸಾರ ಮಾಡುತ್ತಿರುವ ಸೆಟ್ಟಿಗೆ ಕಿವಿಯೆಲ್ಲಿ? ಯಜಮಾನರು ದನಿ ಗುರುತಿಸಿದ್ದರು, ಫೋನಿಗೆ ಪ್ರಯತ್ನಿಸಿದರು, ಫೋನು ಸತ್ತಿತ್ತು. ಮುಕ್ಕಾಲು ತಾಸಿನ ಮೇಲೆ ಟಾರ್ಚಿಗೆಂದು ಚೀಲಕ್ಕೆ ಕೈ ಹಾಕಿದಾಗ ಸೆಟ್ಟು ಹಂಚಿನಂತೆ ಕಾದಿತ್ತು, ಕೆಂಪು ದೀಪ ಉರಿಯುತ್ತಿತ್ತು. ಗುಂಡಿ ಬಿಟ್ಟೊಡನೆ ಬಂದ ಮೊದಲ ಮಾತು ದೋಣಿಯದು. ಅಷ್ಟು ಹೊತ್ತೂ ಆ ಜನ ಮಳೆಯಲ್ಲಿ ನಿಂತಿದ್ದರು. ನಾನೇ ಹೋಗಿ ಹೇಳಿದೆ. ಒಬ್ಬ ಅಜ್ಜಿ ಏನೂ ಅನ್ನದೆ ನನ್ನ ಮುಖ ನೋಡಿ, ಮೇವಿನ ಹೊರೆಯನ್ನು ಮತ್ತೆ ತಲೆಯ ಮೇಲೆ ಇಟ್ಟುಕೊಂಡು ಹೊರಟಳು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಮಾಮಾನಿಗೆ ಎರಡು ಸೂಚನೆ. ಸೆಟ್ಟಿನ ಕೀಲಿ ಹಾಕಿದರೆ ಬಹುತೇಕ ಸೆಟ್ಟುಗಳಲ್ಲಿ ಉಳಿದ ಬಟನ್ನುಗಳು ಬಂದಾಗುತ್ತವೆಯೇ ಹೊರತು ಮಾತಿನ ಗುಂಡಿ ಬಂದಾಗುವುದಿಲ್ಲ. ಸೆಟ್ಟಿನೊಳಗೇ ಪ್ರಸಾರದ ಅವಧಿಗೆ ಮಿತಿ ಹಾಕುವ ಏರ್ಪಾಟು ಇರುತ್ತದೆ. ಅದನ್ನು ಒಂದು ನಿಮಿಷಕ್ಕೆ ಇಡಬೇಕು. ನಾನು ಅದನ್ನು ತೆಗೆದುಹಾಕಿದ್ದೆ, ಮಾತು ಮಧ್ಯೆ ಕಡಿಯುತ್ತದೆಂಬ ಸಿಟ್ಟಿಗೆ. ಮೇಷ್ಟರಿಗೆ ಒಂದು ನಿಮಿಷ ಹೇಗೆ ಸಾಕಾದೀತು!

ಆಕಾಶದಲ್ಲೂ ರಿಪೀಟರುಗಳಿವೆ, ಅಲ್ಲೂ ಇದೇ ನೀತಿ. ಇಸ್ರೊ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಹವ್ಯಾಸಿಗಳಿಗಾಗಿಯೇ ಹಾರಿಸಿತ್ತು. 2014ರವರೆಗೆ ಅದು ದುಡಿಯಿತು. ಅದರ ಶಕ್ತಿಯನ್ನು ಮಾತಾಡುವವರೆಲ್ಲ ಹಂಚಿಕೊಳ್ಳಬೇಕಿತ್ತು. ಒಬ್ಬ ಹೆಚ್ಚು ವಾಟ್ ಹಾಕಿ ಕೂಗಿದರೆ ಉಳಿದವರ ದನಿ ಕುಗ್ಗುತ್ತಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ 2020ರ ಸೆಪ್ಟೆಂಬರಿನಲ್ಲಿ ಒಂದು ರಿಪೀಟರು ಚಾಲೂ ಆಯಿತು. ನಿಲ್ದಾಣ ನಮ್ಮ ದಿಗಂತದ ಮೇಲಿರುವುದು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ ದೇಶದ ತುಂಬ ಕಾದವರೆಲ್ಲ ಹೆಸರು ಹೇಳಿ ಹಿಂದೆ ಸರಿಯಬೇಕು.

ಹುಡುಗನ ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಆನ್‌ಲೈನಿನಲ್ಲಿ ಅಗ್ಗದ ಚೀನಾ ಸೆಟ್ಟು ಸಿಗುತ್ತದಲ್ಲ, ನಾನೂ ತರಿಸಲೇ? ಬೇಡ ತಮ್ಮಾ. ಅಂಗಡಿಯಲ್ಲಿ ಸಿಗುತ್ತದೆಂದು ಪರವಾನಗಿ ಬೇಡವೆಂದಲ್ಲ. ಈ ಕಾಟ ಹೆಚ್ಚಿದ್ದಕ್ಕೇ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಿತು. 446 ಮೆಗಾಹರ್ಟ್ಸಿನ ಸಣ್ಣ ಶಕ್ತಿಯ ಕೈಸೆಟ್ಟುಗಳಿಗೆ ವಿನಾಯಿತಿ ಇದೆ, ಆದರೆ ಅವುಗಳಿಂದ ರಿಪೀಟರು ಮುಟ್ಟಲಾಗದು. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ನಿರ್ಬಂಧಿತ ದರ್ಜೆಗೆ ಮೋರ್ಸ್ ಸಂಕೇತವೂ ಬೇಕಿಲ್ಲ. ನಾನು ಚಿಕ್ಕವನಿದ್ದಾಗ ಬರಿಯ ಧಾರವಾಡ ಆಕಾಶವಾಣಿ ಕೇಳುವುದಕ್ಕೂ ಅಪ್ಪ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರುತ್ತಿದ್ದರು. ಪರೀಕ್ಷೆಯವರೆಗೆ ಮಾಮಾನ ಪಕ್ಕದಲ್ಲಿ ಕುಳಿತು ಕೇಳು.

ಮಾಮಾ ಸೆಟ್ಟನ್ನು ಟ್ರಂಕಿನಿಂದ ಹೊರತೆಗೆಯಲಿ. ಬೈದವರಿಗೆ ಫೋನು ಮಾಡಿ, ರಿಪೀಟರಿಗೆ ಏನಾದರೂ ಸಹಾಯ ಬೇಕೇ ಎಂದು ಕೇಳಲಿ. ಗಾಳಿಯಲ್ಲಿ ಕೇಳಬಾರದು, ದುಡ್ಡಿನ ಮಾತು ಅಲ್ಲಿ ಆಡುವಂಥದ್ದಲ್ಲ. ಮಳೆಗಾಲದ ಮುಂಚೆ ಗುಡ್ಡ ಹತ್ತಿ ಕೇಬಲ್ಲಿನ ಜೋಡಣೆಗಳಿಗೆ ಟೇಪು ಸುತ್ತುವವರು ಯಾವಾಗಲೂ ಕಡಿಮೆಯೇ. ನಾನೂ ಪ್ರತಿ ಮೇ ತಿಂಗಳಲ್ಲಿ ಹೋಗುತ್ತೇನೆ. ಈಗಲೂ ಸಂಜೆಯ ಸಭೆಗೆ ನನ್ನ ಕರೆಸಂಕೇತ ಹೇಳಿದೊಡನೆ ಯಜಮಾನರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾಕ್ರಿ ಮಾಸ್ತರ, ಸಾರಿಗೆ ಉಪ್ಪ ಸರಿ ಐತ್ರಿಲ್ಲೋ? ಓವರ್."